ಶುಂಠಿ ಪಾನೀಯ ಮಾಡೋಣ, ಆದರೆ ಹೇಳಿ ಕೊಡೋಣ



ಬೆಳುಗುಪ್ಪದ ಬೇಸಿಗೆಯಲ್ಲಿ ನಮ್ಮ ಯಾವ ಕೂಟವಿದ್ದರೂ ಅಂಗಡಿಯ ತಂಪು ಪಾನೀಯ ಬರಲೇಬೇಕು. ಅದರ ಬದಲು ಹಸಿ ಶುಂಠಿಯನ್ನು ಮನೆಯಲ್ಲೇ ಹುಳಿ ಬರಿಸಿ ಪಾನೀಯ ಮಾಡೋಣ ಎಂದು ನಮ್ಮಲ್ಲಿ ಕೆಲವರು ಹೇಳುತ್ತಾರೆ. ಖಂಡಿತ ಮಾಡೋಣ. ಆದರೆ ಒಂದು ಮಾತು ಮರೆಯಬಾರದು.

ವಿಧಾನ ಸುಲಭ. ಕುದಿಸಿ ಆರಿಸಿದ ಎರಡು ಲೋಟ ನೀರಿಗೆ ಸಿಪ್ಪೆ ಸಮೇತ ತುರಿದ ಶುಂಠಿ ಒಂದು ಚಮಚ, ಸಕ್ಕರೆ ಒಂದು ಚಮಚ ಹಾಕಿ, ಬಾಯಿಗೆ ಬಟ್ಟೆ ಕಟ್ಟಿಡಿ. ದಿನವೂ ಅಷ್ಟಷ್ಟೇ ಸೇರಿಸಿ ಕಲಕಿ. ನಾಲ್ಕೈದು ದಿನಕ್ಕೆ, ನಮ್ಮ ಸೆಕೆಗೆ ಇನ್ನೂ ಬೇಗ, ಗುಳ್ಳೆ ಏಳುತ್ತದೆ. ಇದೇ ಹೆಪ್ಪು. ಬೂಸ್ಟು ಕಂಡರೆ ಚೆಲ್ಲಿಬಿಡಿ. ಶುಂಠಿ, ಬೆಲ್ಲ ಕುದಿಸಿ ಪೂರ್ತಿ ಆರಿಸಿದ ಒಂದು ಲೀಟರ್ ನೀರಿಗೆ ನಿಂಬೆರಸ ಹಿಂಡಿ, ಕಾಲು ಲೋಟ ಹೆಪ್ಪನ್ನು ಸೋಸಿ ಹಾಕಿ. ಪ್ಲಾಸ್ಟಿಕ್ ಬಾಟಲಿಯಲ್ಲಿ ಸ್ವಲ್ಪ ಜಾಗ ಬಿಟ್ಟು ತುಂಬಿಡಿ. ಅದು ಗಟ್ಟಿಯಾದೊಡನೆ ಫ್ರಿಜ್ಜಿಗೆ ಇಡಿ. ಗಾಜಿನ ಬಾಟಲಿ ಒತ್ತಡಕ್ಕೆ ಸಿಡಿಯಬಹುದು.

ಈಗ ಆ ಮಾತು. ಶುಂಠಿಯ ಸಿಪ್ಪೆಯಲ್ಲಿರುವ ಯೀಸ್ಟ್ ಸಕ್ಕರೆಯನ್ನು ತಿಂದು ಅನಿಲವನ್ನಷ್ಟೇ ಬಿಡುವುದಿಲ್ಲ, ಸ್ವಲ್ಪ ಆಲ್ಕೋಹಾಲನ್ನೂ ಬಿಡುತ್ತದೆ. ಹೊರಗೆ ಇಟ್ಟಷ್ಟೂ ಅದು ಹೆಚ್ಚುತ್ತದೆ. ಎಷ್ಟಾಯಿತೆಂದು ನಾಲಿಗೆಗೆ ತಿಳಿಯದು. ಇಂಗ್ಲೆಂಡಿನಲ್ಲಿ 18ನೇ ಶತಮಾನದಿಂದ ಜಿಂಜರ್ ಬಿಯರ್ ಎಂದು ಕರೆದದ್ದು ಇಂಥದನ್ನೇ.

“ಮಜ್ಜಿಗೆ, ಇಡ್ಲಿ ಹಿಟ್ಟೂ ಹುಳಿ ಬರುತ್ತವಲ್ಲ?” ಎಂದು ನೀವು ಕೇಳಬಹುದು. ನಿಜ. ಆದರೆ ಮಜ್ಜಿಗೆಯಲ್ಲಿ ಕೆಲಸ ಮಾಡುವುದು ಹುಳಿ ಕೊಡುವ ಬ್ಯಾಕ್ಟೀರಿಯಾ. ಇಡ್ಲಿಯನ್ನು ನಾವು ಹಬೆಯಲ್ಲಿ ಬೇಯಿಸುತ್ತೇವೆ. ಶುಂಠಿ ಪಾನೀಯವನ್ನು ಹಾಗೆಯೇ ಕುಡಿಯುತ್ತೇವೆ.

ನಮ್ಮ ಕೂಟಕ್ಕೆ ಕುಡಿತ ಬಿಟ್ಟು ಕಷ್ಟದಿಂದ ನಿಂತವರು ಬರುತ್ತಾರೆ. ಗರ್ಭಿಣಿಯರು, ಚಿಕ್ಕ ಮಕ್ಕಳು, ಮುಸ್ಲಿಂ ನೆರೆಹೊರೆಯವರೂ ಬರುತ್ತಾರೆ. “ನ್ಯಾಚುರಲ್, ಏನೂ ಆಗಲ್ಲ” ಎಂದು ಅವರ ಕೈಗೆ ಲೋಟ ಕೊಡುವುದು ಸರಿಯಲ್ಲ. ನಮ್ಮ ಪಾನದಿಂದ ಸಹೋದರನು ಎಡವಬಾರದೆಂದು ಸಂತ ಪೌಲರು ರೋಮನರಿಗೆ ಬರೆದದ್ದು ಇಂಥ ಸಣ್ಣ ವಿಷಯಗಳಿಗೂ ಸಲ್ಲುತ್ತದೆ.

ಆದ್ದರಿಂದ ನಮ್ಮ ಸಲಹೆ ಇಷ್ಟು. ಮೇಜಿನ ಮೇಲೆ ಎರಡು ಪಾತ್ರೆ ಇಡೋಣ. ಒಂದರಲ್ಲಿ ಹುಳಿ ಬಂದ ಶುಂಠಿ ಪಾನೀಯ, ಅದರ ಮೇಲೆ ತೆಲುಗು, ಕನ್ನಡ ಎರಡರಲ್ಲೂ ದೊಡ್ಡದಾಗಿ ಬರೆದ ಚೀಟಿ. ಇನ್ನೊಂದರಲ್ಲಿ ಅದೇ ಶುಂಠಿ, ಬೆಲ್ಲ, ನಿಂಬೆಯ ತಾಜಾ ಪಾನಕ, ಮಕ್ಕಳಿಗೆ ಇದೇ. ಯಾರು ಯಾವುದನ್ನು ಆರಿಸಿದರು, ಏಕೆ ಎಂದು ಯಾರೂ ಕೇಳುವುದು ಬೇಡ.