ವೇದಿಕೆ ಏರಿದ ಬ್ಯಾಗ್‌ಪೈಪ್

ಸ್ಕಾಟ್ಲೆಂಡಿನವರು ವಲಸೆ ಹೋಗಿ ನೆಲೆಸಿದ ಕಡೆಗಳಲ್ಲೆಲ್ಲ ಅವರ ಪರಂಪರೆಯ ಉತ್ಸವಗಳು ನಡೆಯುತ್ತವೆ. ಬಹುಪಾಲಿಗೆ, ಸ್ಕಾಟ್ಲೆಂಡಿನ ಬೆಟ್ಟನಾಡಾದ ಹೈಲೆಂಡಿನ ಹೆಸರು ಹೊತ್ತ, ಹೈಲೆಂಡ್ ಗೇಮ್ಸ್ ಎಂದೇ ಹೆಸರು. ಕೆನಡಾದ ಒಂಟಾರಿಯೊ ಪ್ರಾಂತ್ಯದ ಮ್ಯಾಕ್ಸ್‌ವಿಲ್‌ನಲ್ಲಿ ಇವು ಶುರುವಾದದ್ದು 1948ರಲ್ಲಿ, ಅಮೆರಿಕದ ನಾರ್ತ್ ಕ್ಯಾರೊಲಿನಾದ ಗ್ರ್ಯಾಂಡ್‌ಫಾದರ್ ಬೆಟ್ಟದಲ್ಲಿ 1956ರಲ್ಲಿ. ಮರದ ಬೊಡ್ಡೆಯನ್ನು ಎತ್ತಿ ಮಗುಚಿ ಎಸೆಯುವ ಪಂದ್ಯ, ಕುಲಕ್ಕೊಂದು ಡೇರೆ, ಪೈಪ್ ಬ್ಯಾಂಡುಗಳ ಮೆರವಣಿಗೆ, ಇವುಗಳ ಜೊತೆಗೆ ಒಂದೋ ಎರಡೋ ಸಂಗೀತ ವೇದಿಕೆ. ಮೇಲೆ ಫಿಡಲ್, ಗಿಟಾರ್, ಬ್ಯಾಗ್‌ಪೈಪ್, ಡ್ರಮ್. ಕೆಳಗೆ, ಅಜ್ಜನ ಅಜ್ಜ ಬಿಟ್ಟುಬಂದ ನಾಡನ್ನು ಕಣ್ಣಾರೆ ಕಾಣದ ಜನ. ಈ ಸಂಗೀತದ ಬಗ್ಗೆ ಎರಡು ಬಗೆಯ ಮಾತು ಕೇಳಿಬರುತ್ತದೆ. ಪೂರ್ವಿಕರಿಂದ ಕೆಡದೆ ಇಳಿದುಬಂದ ನಾದವಿದು ಎಂದು ಅಭಿಮಾನಿ ಹೇಳುತ್ತಾನೆ. ಟಿಕೆಟ್ ಕೊಂಡವರಿಗಾಗಿ ಹೊಲಿದ ವೇಷವಿದು ಎಂದು ಸಂಶಯವಾದಿ ಹೇಳುತ್ತಾನೆ. ಇಬ್ಬರ ಕೈಯಲ್ಲೂ ಇರುವ ತಕ್ಕಡಿ ಒಂದೇ: ಎಷ್ಟು ಹಳೆಯದೋ ಅಷ್ಟು ನಿಜ. ಸ್ಕಾಟಿಷ್ ಸಂಗೀತದ ಚರಿತ್ರೆಯನ್ನು ಆ ತಕ್ಕಡಿಯಲ್ಲಿ ತೂಗಲು ಹೊರಟರೆ ತಕ್ಕಡಿಯ ಮೇಲೆಯೇ ಅನುಮಾನ ಹುಟ್ಟುತ್ತದೆ.

ಮೊದಲಿಗೆ, ಸಂಶಯವಾದಿಯ ಕಡೆ ಸಾಕ್ಷ್ಯಕ್ಕೆ ಬರವಿಲ್ಲ. ಈ ಸಂಗೀತಕ್ಕೆ ಅಂಟಿಸುವ ‘ಸೆಲ್ಟಿಕ್’ ಎಂಬ ಹೆಸರನ್ನೇ ತೆಗೆದುಕೊಳ್ಳಬಹುದು. ವೇಲ್ಸಿನ ವಿದ್ವಾಂಸ ಎಡ್ವರ್ಡ್ ಲ್ವಿಡ್ 1707ರ ತನ್ನ ಗ್ರಂಥದಲ್ಲಿ ಐರಿಷ್, ಗೇಲಿಕ್, ವೆಲ್ಷ್, ಕಾರ್ನಿಷ್, ಬ್ರೆಟನ್ ನುಡಿಗಳ ನಂಟನ್ನು ತೋರಿಸಿದ ಮೇಲೆ ಅದು ಒಂದು ಭಾಷಾಕುಟುಂಬದ ಹೆಸರಾಗಿ ನೆಲೆಯೂರಿತು. ಸಂಗೀತದ ಹೆಸರಾಗಿ ಅದು ಹರಡಿದ್ದು ತೀರ ಈಚೆಗೆ, ಬ್ರೆಟನ್ ಹಾರ್ಪ್ ವಾದಕ ಅಲನ್ ಸ್ಟಿವೆಲ್‌ನ ಧ್ವನಿಮುದ್ರಿಕೆಗಳು ಜನಪ್ರಿಯವಾದ 1970ರ ದಶಕದಲ್ಲಿ. ಆ ಹೆಸರಿನ ಕೊಡೆಯಡಿ ಕವಿ ರಾಬರ್ಟ್ ಬರ್ನ್ಸ್‌ನ ಹಾಡುಗಳೂ ನಿಂತಿವೆ. ಅವನು ಬರೆದ ಸ್ಕಾಟ್ಸ್ ನುಡಿಯಾದರೋ ಇಂಗ್ಲಿಷಿನ ಒಡಹುಟ್ಟು, ಸೆಲ್ಟಿಕ್ ಕುಟುಂಬಕ್ಕೆ ಸೇರಿದ್ದೇ ಅಲ್ಲ. ಇನ್ನು ಹಾಡುಗಳು. ಉತ್ಸವದ ಜನ ಬಾಯಿಬಿಟ್ಟು ಕೇಳುವ ‘ಅಮೇಜಿಂಗ್ ಗ್ರೇಸ್’ ಅನ್ನು ಬರೆದವನು ಜಾನ್ ನ್ಯೂಟನ್ ಎಂಬ ಇಂಗ್ಲಿಷ್ ಪಾದ್ರಿ. ಆ ಪದ್ಯಕ್ಕೆ ಇಂದಿನ ಧಾಟಿ ಜೊತೆಯಾದದ್ದು 1835ರಲ್ಲಿ, ಅಮೆರಿಕದ ಒಂದು ಸಂಕಲನದಲ್ಲಿ. ಬ್ಯಾಗ್‌ಪೈಪಿನ ಸ್ವತ್ತು ಎಂಬಂತೆ ಅದು ಲೋಕಪ್ರಸಿದ್ಧವಾದದ್ದು 1972ರಲ್ಲಿ, ರಾಯಲ್ ಸ್ಕಾಟ್ಸ್ ಡ್ರಗೂನ್ ಗಾರ್ಡ್ಸ್ ರೆಜಿಮೆಂಟಿನ ಧ್ವನಿಮುದ್ರಿಕೆ ಬ್ರಿಟನ್ನಿನ ಜನಪ್ರಿಯ ಪಟ್ಟಿಯ ತುದಿಗೇರಿದಾಗ. ‘ಫ್ಲವರ್ ಆಫ್ ಸ್ಕಾಟ್ಲೆಂಡ್’ ರಾಯ್ ವಿಲಿಯಮ್ಸನ್ 1960ರ ದಶಕದಲ್ಲಿ ಕಟ್ಟಿದ ಹಾಡು. ಮುದುಕರು ಕಣ್ಣೊರೆಸಿಕೊಳ್ಳುತ್ತ ಹಾಡುವುದನ್ನು ನೋಡಿದರೆ ಅದು ಅವರಿಗಿಂತ ಚಿಕ್ಕ ವಯಸ್ಸಿನದು ಎಂದು ನಂಬುವುದು ಕಷ್ಟ.

ಇಂಥ ಮುಖವಾಡ ಕಳಚುವ ಕೆಲಸವನ್ನು ಇತಿಹಾಸಕಾರ ಹ್ಯೂ ಟ್ರೆವರ್-ರೋಪರ್ 1983ರ ಪ್ರಸಿದ್ಧ ಪ್ರಬಂಧವೊಂದರಲ್ಲಿ ಉತ್ಸಾಹದಿಂದಲೇ ಮಾಡಿದರು. ಇಂದಿನ ಗಿಡ್ಡ ಕಿಲ್ಟನ್ನು ಹದಿನೆಂಟನೆಯ ಶತಮಾನದಲ್ಲಿ ರೂಪಿಸಿದವನು ಕಬ್ಬಿಣದ ಕುಲುಮೆ ನಡೆಸುತ್ತಿದ್ದ ಒಬ್ಬ ಇಂಗ್ಲಿಷಿನವನು, ಹೈಲೆಂಡ್ ಪರಂಪರೆಯೆಂಬುದು ಬಹುಮಟ್ಟಿಗೆ ಈಚಿನ ಕಟ್ಟಡ ಎಂಬುದು ಅವರ ವಾದ. ಬಟ್ಟೆಯ ಮಟ್ಟಿಗೆ ಆ ವಾದ ಏನೇ ಇರಲಿ, ಸಂಗೀತಕ್ಕೆ ಅದನ್ನು ಹಾಗೇ ಹೊದಿಸಲಾಗದು. ಕಟ್ಟಡ ಈಚಿನದಾದರೂ ಕಲ್ಲು ಹಳೆಯದಿರಬಹುದು. ಅದಕ್ಕಿಂತ ಮುಖ್ಯವಾಗಿ, ವೇದಿಕೆಯೇ ಇಲ್ಲಿ ಹಳೆಯದು. ಹೈಲೆಂಡ್ ಪೈಪಿನ ಘನ ಪ್ರಕಾರ ಪಿಬ್ರೋಕ್. ಗೇಲಿಕ್‌ನಲ್ಲಿ ಅದನ್ನು ‘ದೊಡ್ಡ ಸಂಗೀತ’ ಎನ್ನುತ್ತಾರೆ, ಕುಣಿತದ ಮಟ್ಟುಗಳು ‘ಚಿಕ್ಕ ಸಂಗೀತ’. ಕುಲದ ನಾಯಕರ ಆಶ್ರಯದಲ್ಲಿ, ಸ್ಕೈ ದ್ವೀಪದ ಮ್ಯಾಕ್‌ಕ್ರಿಮನ್ನರಂಥ ವಂಶಪಾರಂಪರ್ಯದ ಮನೆತನಗಳಲ್ಲಿ ಅದು ಬೆಳೆಯಿತು. 1746ರ ಕಲೊಡನ್ ಕದನದ ಸೋಲಿನ ನಂತರ ನಾಯಕರ ಅಧಿಕಾರ ಮುರಿಯಿತು, ಆಶ್ರಯ ಬತ್ತಿತು. ಆಗ ಅದನ್ನು ಎತ್ತಿಕೊಂಡದ್ದು ಲಂಡನ್ನಿನ ಹೈಲೆಂಡ್ ಸೊಸೈಟಿ. ಅದು 1781ರಲ್ಲಿ ಫಾಲ್ಕರ್ಕ್‌ನಲ್ಲಿ ಸ್ಪರ್ಧೆ ಏರ್ಪಡಿಸಿತು. ಮುಂದೆ ಸ್ಪರ್ಧೆ ಎಡಿನ್‌ಬರೋಕ್ಕೆ ಹೋಯಿತು. ತೀರ್ಪುಗಾರ, ಬಹುಮಾನ, ಕುರ್ಚಿಯಲ್ಲಿ ಕೂತ ಶ್ರೋತೃಗಳು: ಎಲ್ಲವೂ ಅಲ್ಲೇ ಇತ್ತು. ಇನ್ನೊಂದು ಕಡೆ ಸೇನೆಯ ಹೈಲೆಂಡ್ ರೆಜಿಮೆಂಟುಗಳು ಪೈಪಿಗೆ ಸಂಬಳದ ಕೆಲಸ ಕೊಟ್ಟವು. ಇಂದು ಭಾರತೀಯ ಸೇನೆಯ ಬ್ಯಾಂಡುಗಳಲ್ಲಿ ಬ್ಯಾಗ್‌ಪೈಪ್ ಕೇಳುವುದಕ್ಕೆ ಮೂಲ ಕಾರಣ ಆ ದಾರಿಯೇ. ಅಂದಮೇಲೆ ಪ್ರದರ್ಶನ ಬಂದು ಪರಂಪರೆಯನ್ನು ಕೆಡಿಸಿತು ಎನ್ನುವವರು ಎರಡು ಶತಮಾನ ತಡವಾಗಿ ದೂರು ಕೊಡುತ್ತಿದ್ದಾರೆ.

ಕೇಳಬೇಕಾದ ಪ್ರಶ್ನೆ ಬೇರೆ. ಒಂದು ಧಾಟಿಗೆ ಲೋಕದಲ್ಲಿ ಏನು ಕೆಲಸವಿತ್ತು, ಆ ಕೆಲಸ ಹೋದ ಮೇಲೆ ಯಾವ ಕೆಲಸ ಸಿಕ್ಕಿತು, ಮತ್ತು ಅದನ್ನು ಮುಂದಿನವರು ಯಾರಿಂದ ಕಲಿಯುತ್ತಾರೆ? ಹೆಬ್ರಿಡೀಸ್ ದ್ವೀಪಗಳ ಬಟ್ಟೆ ಬಡಿಯುವ ಹಾಡುಗಳು ಇದಕ್ಕೆ ಒಳ್ಳೆಯ ಉದಾಹರಣೆ. ಮಗ್ಗದಿಂದಿಳಿದ ಉಣ್ಣೆಬಟ್ಟೆಯನ್ನು ಹಳಸಿದ ಮೂತ್ರದಲ್ಲಿ ನೆನೆಸಿ, ಹಲಗೆಯ ಸುತ್ತ ಕೂತ ಹೆಂಗಸರು ಗಂಟೆಗಟ್ಟಲೆ ಬಡಿದು ದಪ್ಪಗೊಳಿಸುತ್ತಿದ್ದರು. ಒಬ್ಬಳು ಸಾಲು ಎತ್ತುವುದು, ಉಳಿದವರು ಅರ್ಥವಿಲ್ಲದ ಉಲಿಗಳ ಪಲ್ಲವಿಯನ್ನು ಹೇಳುವುದು, ಬಡಿತವೇ ತಾಳ. ಗಿರಣಿ ಆ ಕೆಲಸವನ್ನು ಕಿತ್ತುಕೊಂಡಾಗ ಹಾಡಿಗೆ ಕಾರಣವೇ ಉಳಿಯಲಿಲ್ಲ. ಅಂಥ ಒಂದು ಹಾಡನ್ನು ಕೇಪರ್‌ಕೇಲಿ ತಂಡ ಗಿಟಾರ್, ಕೀಬೋರ್ಡುಗಳ ಜೊತೆ ಹಾಡಿ 1992ರಲ್ಲಿ ಬ್ರಿಟನ್ನಿನ ಮೊದಲ ನಲವತ್ತು ಹಾಡುಗಳ ಪಟ್ಟಿಗೆ ಸೇರಿಸಿತು. ಸ್ಕಾಟಿಷ್ ಗೇಲಿಕ್ ಹಾಡೊಂದು ಅಲ್ಲಿಗೆ ತಲುಪಿದ್ದು ಅದೇ ಮೊದಲು. ಬಟ್ಟೆಯಿಲ್ಲ, ಹಲಗೆಯಿಲ್ಲ, ಕೇಳುಗರಲ್ಲಿ ಬಹುತೇಕರಿಗೆ ಭಾಷೆಯೂ ಇಲ್ಲ. 2011ರ ಜನಗಣತಿಯಲ್ಲಿ ಸ್ಕಾಟ್ಲೆಂಡಿನಲ್ಲಿ ಗೇಲಿಕ್ ಮಾತಾಡುವವರು ಸುಮಾರು 57 ಸಾವಿರ. ಇದನ್ನು ನಷ್ಟ ಎನ್ನದೆ ವಿಧಿಯಿಲ್ಲ. ಆದರೆ ವೇದಿಕೆಯನ್ನು ನಿಷೇಧಿಸಿದರೆ ಹಲಗೆ ಮರಳಿ ಬರುವುದಿಲ್ಲ.

ಹೆಸರಿಲ್ಲದ ಊರ ಹಾಡುಗಾರರನ್ನು ವೇದಿಕೆಗೆ ತಂದ ಒಂದು ಸಂಜೆಯನ್ನು ಇಲ್ಲಿ ನೆನೆಯಬೇಕು. 1951ರ ಆಗಸ್ಟಿನಲ್ಲಿ, ಅದ್ದೂರಿಯ ಎಡಿನ್‌ಬರೋ ಉತ್ಸವಕ್ಕೆ ಎದುರಾಗಿ ಕಾರ್ಮಿಕ ಸಂಘಟನೆಗಳ ಬೆಂಬಲದಿಂದ ನಡೆದ ಜನತಾ ಉತ್ಸವದಲ್ಲಿ, ಕವಿ ಹೇಮಿಷ್ ಹೆಂಡರ್ಸನ್ ಒಂದು ಕೇಲಿ ಏರ್ಪಡಿಸಿದರು. ಕೇಲಿ ಎಂದರೆ ಮನೆಯ ಬೆಂಕಿಯ ಸುತ್ತ ಕಥೆ, ಹಾಡು ನಡೆಯುವ ರಾತ್ರಿ. ಅಂದು ಹಾಡಿದವರಲ್ಲಿ ಬಾರಾ ದ್ವೀಪದ ಫ್ಲೋರಾ ಮೆಕ್‌ನೀಲ್, ಈಶಾನ್ಯ ಸೀಮೆಯ ರೈತ ಜಾನ್ ಸ್ಟ್ರಾಹನ್, ಬೀದಿಯಲ್ಲಿ ಹಾಡಿ ಹೊಟ್ಟೆ ಹೊರೆದಿದ್ದ ಜಿಮ್ಮಿ ಮೆಕ್‌ಬೆತ್ ಇದ್ದರು. ಅಮೆರಿಕದ ಸಂಗ್ರಾಹಕ ಅಲನ್ ಲೊಮ್ಯಾಕ್ಸ್ ಅದನ್ನು ಧ್ವನಿಮುದ್ರಿಸಿಕೊಂಡರು. ಅದೇ ವರ್ಷ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಸ್ಕಾಟಿಷ್ ಅಧ್ಯಯನ ವಿಭಾಗ ಶುರುವಾಯಿತು, ಹೆಂಡರ್ಸನ್ ಅದರ ಕೆಲಸಕ್ಕೆ ಸೇರಿ ಊರೂರು ತಿರುಗಿದರು. ಪಟ್ಟಣದ ಹುಡುಗರು ಹಾಡು ಕಲಿಯಲು ಅಲೆಮಾರಿ ಕುಟುಂಬಗಳ ಬಾಗಿಲಿಗೆ ಹೋಗತೊಡಗಿದ್ದು ಆ ಮೇಲೆ. ಅಲ್ಲಿಯ ತನಕ ಆ ಕುಟುಂಬಗಳನ್ನು ಊರಾಚೆ ಇಟ್ಟ ಸಮಾಜ ಅದು.

ವಾದ್ಯಗಳ ವಿಷಯಕ್ಕೆ ಬಂದರೆ ವೇದಿಕೆಯ ಪ್ರಭಾವ ಕಿವಿಗೇ ಗೊತ್ತಾಗುತ್ತದೆ. ಹೈಲೆಂಡ್ ಪೈಪ್ ಬಯಲಿನ ವಾದ್ಯ. ನುಡಿಸುವ ಕೊಳವೆಗೆ ಒಂಬತ್ತೇ ಸ್ವರ, ಹಿಂದೆ ಬಿಡದೆ ಮೊರೆಯುವ ಮೂರು ಶ್ರುತಿ ಕೊಳವೆಗಳು. ಮೆಲ್ಲಗೆ ನುಡಿಸುವುದಕ್ಕಾಗಲಿ ನಡುವೆ ಉಸಿರು ನಿಲ್ಲಿಸುವುದಕ್ಕಾಗಲಿ ಎಡೆಯಿಲ್ಲ. ಒಂದೇ ಸ್ವರ ಎರಡು ಸಲ ಬೇಕೆಂದರೆ ನಡುವೆ ಬೇರೊಂದು ಸ್ವರವನ್ನು ಚಿಟಿಕೆಯಷ್ಟು ಹೊತ್ತು ಸೋಕಿಸಬೇಕು. ಅದರ ಶ್ರುತಿ ಪಿಯಾನೋದ ಬಿ ಫ್ಲ್ಯಾಟ್‌ಗಿಂತ ಒಂದಿಷ್ಟು ಮೇಲೆ ನಿಲ್ಲುತ್ತದೆ, ಫಿಡಲ್‌ನವರಿಗೆ ಸಲೀಸಾದ ಮನೆಗಳು ಎ ಮತ್ತು ಡಿ. ಹೀಗಾಗಿ ಎರಡನ್ನೂ ಒಂದೇ ವೇದಿಕೆಯಲ್ಲಿ ಕೂರಿಸುವುದು ಸುಲಭದ ಮಾತಾಗಿರಲಿಲ್ಲ. 1970ರ ದಶಕದಲ್ಲಿ ಟ್ಯಾನಹಿಲ್ ವೀವರ್ಸ್, ಬ್ಯಾಟಲ್‌ಫೀಲ್ಡ್ ಬ್ಯಾಂಡ್ ತಂಡಗಳು ಆ ಸಾಹಸ ಮಾಡಿದವು. 1980ರ ದಶಕದಲ್ಲಿ ಹೇಮಿಷ್ ಮೂರ್ ಮೊದಲಾದ ತಯಾರಕರು ಮೊಣಕೈಯಡಿ ತಿದಿ ಒತ್ತಿ ನುಡಿಸುವ, ಮೆಲುದನಿಯ, ಬಹುತೇಕ ಮರೆತೇಹೋಗಿದ್ದ ಸಣ್ಣ ಪೈಪನ್ನು ಮತ್ತೆ ಮಾಡತೊಡಗಿದರು. ಫಿಡಲಿನ ಜೊತೆ ಕೂಡಬೇಕೆಂಬ ಹೊಸ ಆಸೆ ಹಳೆಯ ವಾದ್ಯವನ್ನು ಎಬ್ಬಿಸಿತು. ಪಕ್ಕದಲ್ಲಿ ತಂತಿ ಮೀಟುವ ಬೂಜೂಕಿ ಗ್ರೀಸ್‌ನಿಂದ ಐರ್ಲೆಂಡಿಗೆ ಬಂದದ್ದು 1960ರ ದಶಕದಲ್ಲಿ. ಇವತ್ತು ಅದಿಲ್ಲದ ತಂಡವನ್ನು ಕಂಡರೆ ಏನೋ ಕೊರತೆ ಎನಿಸುತ್ತದೆ.

ಕೆನಡಾದ ಕೇಪ್ ಬ್ರೆಟನ್ ದ್ವೀಪ ಈ ಚರ್ಚೆಯ ಅತ್ಯಂತ ಫಲವತ್ತಾದ ನೆಲ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಹೈಲೆಂಡಿನಿಂದಲೂ ದ್ವೀಪಗಳಿಂದಲೂ ಸಾವಿರಾರು ಗೇಲಿಕ್ ಕುಟುಂಬಗಳು ಅಲ್ಲಿಗೆ ಹೋದವು. ಕುರಿ ಸಾಕಣೆಗಾಗಿ ಜಮೀನ್ದಾರರು ಒಕ್ಕಲೆಬ್ಬಿಸಿದವರೂ ಅವರಲ್ಲಿದ್ದರು. ಅಲ್ಲಿ ಫಿಡಲಿಗೆ ಕೆಲಸವಿತ್ತು: ಮದುವೆ, ಅಡುಗೆಮನೆಯ ಕೂಟ, ಶನಿವಾರದ ಕುಣಿತ. ಕುಣಿಯುವವನ ಪಾದ ಫಿಡಲ್‌ನವನ ಕಮಾನಿಗೆ ಲಗಾಮು ಹಾಕುತ್ತದೆ; ವೇಗ ತುಸು ತಪ್ಪಿದರೂ ನೆಲದಿಂದಲೇ ದೂರು ಬರುತ್ತದೆ. ರೈಲ್ವೆ ನಿಲ್ದಾಣದಲ್ಲಿ ನೌಕರಿ ಮಾಡುತ್ತ ರಾತ್ರಿ ಕುಣಿತಗಳಿಗೆ ನುಡಿಸಿದ ಬಡ್ಡಿ ಮೆಕ್‌ಮಾಸ್ಟರ್ (1924–2014) ಆ ಶಿಸ್ತಿನ ಕೂಸು. 1970ರ ದಶಕದ ಆರಂಭದಲ್ಲಿ ಕೆನಡಾದ ಸರ್ಕಾರಿ ದೂರದರ್ಶನ, ಕೇಪ್ ಬ್ರೆಟನ್ನಿನ ಫಿಡಲ್ ವಾದಕ ಕಣ್ಮರೆಯಾಗುತ್ತಿದ್ದಾನೆ ಎಂಬ ಸಾಕ್ಷ್ಯಚಿತ್ರ ತೋರಿಸಿತು. ಊರವರಿಗೆ ಮೈ ಉರಿಯಿತು. 1973ರಲ್ಲಿ ಗ್ಲೆಂಡೇಲ್ ಎಂಬ ಸಣ್ಣ ಊರಿನಲ್ಲಿ ಉತ್ಸವ ಮಾಡಿ ನೂರಕ್ಕೂ ಹೆಚ್ಚು ಫಿಡಲ್ ವಾದಕರನ್ನು ಒಂದೇ ವೇದಿಕೆಗೆ ಏರಿಸಿದರು. ಉತ್ತರ ಅಷ್ಟಕ್ಕೆ ನಿಲ್ಲಲಿಲ್ಲ. ಪಾಠಗಳು ಶುರುವಾದವು, ಮಕ್ಕಳ ಕೈಗೆ ಫಿಡಲ್ ಬಂತು. ಬಡ್ಡಿಯ ಅಣ್ಣನ ಮಗಳೋ ತಮ್ಮನ ಮಗಳೋ ಎಂದು ಕೇಳುವ ಹಾಗೆ ಅಲ್ಲಿ ವಾದಕರಿಗೆ ವಾದಕರು ನೆಂಟರು. 1997ರಿಂದ ಸೆಲ್ಟಿಕ್ ಕಲರ್ಸ್ ಉತ್ಸವ ಪ್ರತಿ ಅಕ್ಟೋಬರಿನಲ್ಲಿ ದ್ವೀಪದ ಊರೂರ ಸಭಾಭವನ, ಚರ್ಚುಗಳಲ್ಲಿ ಹರಡಿಕೊಂಡು ನಡೆಯುತ್ತ ಬಂದಿದೆ. ಈ ಕಥೆಗೆ ಇನ್ನೊಂದು ತಿರುವೂ ಇದೆ. ಸ್ಕಾಟ್ಲೆಂಡಿನ ಫಿಡಲ್ ವಾದಕ ಅಲಸ್ಟರ್ ಫ್ರೇಸರ್ ಮೊದಲಾದವರ ಒತ್ತಾಸೆಯಿಂದ ಕೇಪ್ ಬ್ರೆಟನ್ನಿನ ಗುರುಗಳು ಸ್ಕೈ ದ್ವೀಪದ ಗೇಲಿಕ್ ಕಾಲೇಜಿಗೆ ಬಂದು ಕಲಿಸಿದರು. ತವರಿನಲ್ಲಿ ಮರೆತಿದ್ದ ಹೆಜ್ಜೆ ಕುಣಿತ ಹೀಗೆ ಸಾಗರ ದಾಟಿ ಹಿಂದಿರುಗಿತು. ಅದು ಹೋದ ಹಾಗೇ ಬಂತು ಎಂದು ಕೆಲವರು, ಹೊಸ ನೆಲದಲ್ಲಿ ಹುಟ್ಟಿದ ಕುಣಿತ ಎಂದು ಕೆಲವರು ಇನ್ನೂ ವಾದಿಸುತ್ತಿದ್ದಾರೆ. ಅಷ್ಟರಲ್ಲಿ ಕುಣಿಯುವವರು ಕುಣಿಯುತ್ತಿದ್ದಾರೆ.

ಹೀಗೆಂದು ಎಲ್ಲ ಉತ್ಸವ ವೇದಿಕೆಗೂ ಒಂದೇ ಅಂಕ ಕೊಡಲಾಗದು. ವಾರಾಂತ್ಯಕ್ಕೆ ತಂಡವನ್ನು ಕರೆಸಿ, ಡ್ರಮ್ಮಿನ ಅಬ್ಬರವನ್ನೇ ಪರಂಪರೆಯೆಂದು ಮಾರಿ, ಭಾನುವಾರ ಡೇರೆ ಬಿಚ್ಚುವ ಉತ್ಸವ ತಾನು ತೆಗೆದುಕೊಂಡದ್ದನ್ನು ಹಿಂದಕ್ಕೆ ಕೊಡುವುದಿಲ್ಲ. ಬಾರಾ ದ್ವೀಪದಲ್ಲಿ 1981ರಲ್ಲಿ ಆರಂಭವಾದ ಫೇಷ್ ಇದಕ್ಕೆ ಎದುರು ಮಾದರಿ. ಫೇಷ್ ಎಂದರೆ ಗೇಲಿಕ್‌ನಲ್ಲಿ ಹಬ್ಬವೇ ಆದರೂ ಇಲ್ಲಿ ಹಬ್ಬದ ತಿರುಳು ಪಾಠ: ಊರಿನ ಮಕ್ಕಳು ಹಾಡು, ವಾದ್ಯ, ಕುಣಿತ ಕಲಿಯುವುದು. ಅದು ಸ್ಕಾಟ್ಲೆಂಡಿನ ಉದ್ದಗಲಕ್ಕೂ ಹಬ್ಬಿ, ಇಂದಿನ ಅನೇಕ ವೃತ್ತಿಪರ ವಾದಕರನ್ನು ಕೊಟ್ಟಿದೆ. ಅಮೆರಿಕದಲ್ಲಿಯೂ ಫ್ರೇಸರ್ 1984ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆರೆದ ಫಿಡಲ್ ಶಿಬಿರದಂಥವು ಇವೆ. ಉತ್ಸವದಲ್ಲಿ ಕೇಳಿ ಮನಸೋತ ಹುಡುಗಿಗೆ ಮರುದಿನ ಹೋಗಿ ಕೂರಲು ಒಂದು ಜಾಗವಿದ್ದರೆ ವೇದಿಕೆ ಬಾಗಿಲಾಗುತ್ತದೆ. ಇಲ್ಲವಾದರೆ ಅದು ಬರೀ ಕಿಟಕಿ.

ಉತ್ಸವದ ವೇದಿಕೆಗೆ ಹೊಂದದ್ದೂ ಒಂದಿದೆ. ಪಿಬ್ರೋಕಿನ ಒಂದು ಕೃತಿ ನುಡಿಸಲು ಹತ್ತು ನಿಮಿಷದಿಂದ ಕಾಲು ಗಂಟೆಗೂ ಮೇಲೆ ಹಿಡಿಯುತ್ತದೆ. ಒಂದು ನೆಲೆಯ ಧಾಟಿ, ಅದರ ಮೇಲೆ ಹಂತಹಂತವಾಗಿ ಬಿಗಿಯಾಗುವ ಆವೃತ್ತಿಗಳು, ಕೊನೆಗೆ ಮತ್ತೆ ಮೊದಲ ಧಾಟಿ. ಇದನ್ನು ಹಿಂದೆ ಕಲಿಸುತ್ತಿದ್ದುದು ಕ್ಯಾಂಟರಾಕ್ ಎಂಬ ಬಾಯಿಪಾಠದಿಂದ. ಸ್ವರಕ್ಕೂ ಅಲಂಕಾರಕ್ಕೂ ಗೊತ್ತಾದ ಉಲಿಗಳು, ಮೃದಂಗದ ಸೊಲ್ಲುಗಳ ಹಾಗೆ. ಮುಕ್ಕಾಲು ಗಂಟೆಯ ಉತ್ಸವ ಸರದಿಯಲ್ಲಿ ಚಪ್ಪಾಳೆ ತಟ್ಟಲು ತಾಳವೇ ಸಿಗದ ಈ ಸಂಗೀತಕ್ಕೆ ಯಾರೂ ಎಡೆ ಕೊಡುವುದಿಲ್ಲ. ಆದರೂ ಅದೇ ಬಯಲಿನಲ್ಲಿ ಅದು ಇರುತ್ತದೆ. ಬೆಳಿಗ್ಗೆ, ಜನ ಬರುವ ಮೊದಲು, ಮೂಲೆಯಲ್ಲೊಂದು ಹಲಗೆಯ ಅಟ್ಟ, ಎದುರಿಗೆ ಮೇಜಿನ ಹಿಂದೆ ತೀರ್ಪುಗಾರ. ಸ್ಪರ್ಧಿ ಶ್ರುತಿ ಕೂಡಿಸಿಕೊಂಡು, ಇಬ್ಬನಿಗೆ ರೀಡ್ ಏರುಪೇರಾಗಿಲ್ಲವೆಂದು ಖಾತ್ರಿಯಾದ ಮೇಲೆ, ನಿಧಾನವಾಗಿ ಹೆಜ್ಜೆಯಿಡುತ್ತ ನುಡಿಸತೊಡಗುತ್ತಾನೆ. ಕೇಳುವವರು ಅವನ ಗುರು, ಅವನ ಸರದಿಯ ನಂತರದವರು, ಮಡಚುಕುರ್ಚಿ ತಂದ ಒಬ್ಬಿಬ್ಬರು ಹಿರಿಯರು. ಅಷ್ಟು ದೂರದಲ್ಲಿ ಮಧ್ಯಾಹ್ನದ ತಂಡದವರು ಧ್ವನಿವರ್ಧಕ ಪರೀಕ್ಷಿಸಲು ಶುರುಮಾಡಿರುತ್ತಾರೆ.