ಉದ್ಯೋಗ ದಾರಿ: ಹೆಲಿಕಾಪ್ಟರ್ ಪರೀಕ್ಷಕರಾಗಲು ಏನು ಬೇಕು?



ಪ್ಲಸ್ ಟು ಓದುವ ಮಕ್ಕಳಿರುವ ನಮ್ಮವರ ಮನೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವುದು ಮೂರೇ ಮಾತು: ಇಂಜಿನಿಯರಿಂಗ್, ಮೆಡಿಕಲ್, ಇಲ್ಲವೇ ಬೆಂಗಳೂರಿಗೆ ಹೋಗಿ ಸಾಫ್ಟ್‌ವೇರ್. ಇವುಗಳ ಆಚೆಗೂ ಗೌರವದ ಕೆಲಸಗಳುಂಟು ಎಂದು ನೆನಪಿಸುವುದೇ ಈ ಅಂಕಣದ ಉದ್ದೇಶ. ಈ ಸಲ ಆರಿಸಿಕೊಂಡಿರುವುದು ನಮ್ಮ ತಲೆಯ ಮೇಲೆಯೇ ಸದ್ದು ಮಾಡುತ್ತಿದ್ದರೂ ನಾವು ಯೋಚಿಸದ ಒಂದು ಹುದ್ದೆ. ಅದೇ ಸರ್ಕಾರಿ ಹೆಲಿಕಾಪ್ಟರ್ ಸುರಕ್ಷತಾ ಪರೀಕ್ಷಕರದು.

ಕೊಚ್ಚಿ ಮತ್ತು ತಿರುವನಂತಪುರದವರಿಗೆ ಹೆಲಿಕಾಪ್ಟರ್ ಹೊಸತೇನಲ್ಲ. ವಿಲಿಂಗ್ಡನ್ ದ್ವೀಪದಲ್ಲಿ ನೌಕಾದಳದ ಐ.ಎನ್.ಎಸ್. ಗರುಡ ನೆಲೆ 1953ರಿಂದ ಇದೆ. ತಿರುವನಂತಪುರದ ಆಕ್ಕುಳಂನಲ್ಲಿ ವಾಯುಪಡೆಯ ದಕ್ಷಿಣ ಕಮಾಂಡಿನ ಕಛೇರಿ ಇದೆ. 2018ರ ಆಗಸ್ಟ್ ತಿಂಗಳ ಮಹಾಪೂರದಲ್ಲಿ ಆಲುವಾದ ತಾರಸಿಯಿಂದ ತುಂಬು ಗರ್ಭಿಣಿಯೊಬ್ಬರನ್ನು ನೌಕಾದಳದವರು ಹಗ್ಗದಲ್ಲಿ ಮೇಲಕ್ಕೆಳೆದುಕೊಂಡದ್ದು, ಅಂದೇ ಆಕೆಗೆ ಗಂಡುಮಗು ಹುಟ್ಟಿದ್ದು ನಿಮಗೆ ನೆನಪಿರಬಹುದು. 2020ರ ಮೇ 9ರಂದು, ಲಾಕ್‌ಡೌನ್ ನಡುವೆ, ತಿರುವನಂತಪುರದ ಆಸ್ಪತ್ರೆಯಲ್ಲಿ ದಾನವಾಗಿ ಸಿಕ್ಕ ಹೃದಯವೊಂದು ಕೇರಳ ಪೊಲೀಸರ ಬಾಡಿಗೆ ಹೆಲಿಕಾಪ್ಟರಿನಲ್ಲಿ ಕೊಚ್ಚಿಗೆ ಬಂತು. ರಸ್ತೆಯಲ್ಲಿ ನಾಲ್ಕೈದು ತಾಸಿನ ದಾರಿಯನ್ನು ಅದು ಒಂದು ತಾಸಿನೊಳಗೆ ಮುಗಿಸಿತು. ಬೋಳ್ಗಾಟ್ಟಿಯ ಹೆಲಿಪ್ಯಾಡಿನಲ್ಲಿ ಇಳಿದ ಆ ಹೃದಯವನ್ನು ಲಿಸಿ ಆಸ್ಪತ್ರೆಯಲ್ಲಿ ಇನ್ನೊಬ್ಬರ ಎದೆಯೊಳಗೆ ಕೂಡಿಸಿದರು.

ಇದು ನಾಣ್ಯದ ಒಂದು ಮುಖ. ಇನ್ನೊಂದು ಮುಖವೂ ನಮ್ಮ ಊರುಗಳಲ್ಲೇ ಕಂಡಿದೆ. 2021ರ ಏಪ್ರಿಲ್ 11ರಂದು ಉದ್ಯಮಿ ಎಂ.ಎ. ಯೂಸುಫ್ ಅಲಿ ಅವರಿದ್ದ ಹೆಲಿಕಾಪ್ಟರ್ ಕೊಚ್ಚಿಯ ಪನಂಗಾಡಿನ ಜೌಗುನೆಲದಲ್ಲಿ ಇಳಿದುಬಿಟ್ಟಿತು. ದೈವವಶಾತ್ ಎಲ್ಲರೂ ಬದುಕಿ ಉಳಿದರು. 2023ರ ಮಾರ್ಚ್ 26ರಂದು ನೆಡುಂಬಾಶ್ಶೇರಿ ವಿಮಾನ ನಿಲ್ದಾಣದಲ್ಲಿ ಕರಾವಳಿ ಕಾವಲು ಪಡೆಯ ಧ್ರುವ ಹೆಲಿಕಾಪ್ಟರ್ ಪರೀಕ್ಷಾ ಹಾರಾಟಕ್ಕೆಂದು ಮೇಲೆದ್ದು, ಕೆಲವೇ ಅಡಿ ಏರುವಷ್ಟರಲ್ಲಿ ಹಿಡಿತ ತಪ್ಪಿ ಬಿದ್ದಿತು. ಅದೇ ವರ್ಷದ ನವೆಂಬರ್ 4ರಂದು ಗರುಡ ನೆಲೆಯಲ್ಲಿ ಚೇತಕ್ ಹೆಲಿಕಾಪ್ಟರಿನ ಅವಘಡದಲ್ಲಿ ನೌಕಾದಳದ ಸಿಬ್ಬಂದಿಯೊಬ್ಬರು ಜೀವ ಕಳೆದುಕೊಂಡರು. 2025ರ ಅಕ್ಟೋಬರ್ 22ರಂದು ಶಬರಿಮಲೆಗೆ ಹೊರಟ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರ ಹೆಲಿಕಾಪ್ಟರ್ ಪತ್ತನಂತಿಟ್ಟ ಜಿಲ್ಲೆಯ ಪ್ರಮಾಡಂನಲ್ಲಿ ಇಳಿದಾಗ ಚಕ್ರಗಳು ಹಸಿ ಕಾಂಕ್ರೀಟಿನಲ್ಲಿ ಹೂತವು. ಪೊಲೀಸರು, ಅಗ್ನಿಶಾಮಕ ದಳದವರು ಕೈಯಿಂದಲೇ ಅದನ್ನು ತಳ್ಳಬೇಕಾಯಿತು. ಹವೆ ಸರಿಯಿಲ್ಲವೆಂದು ಇಳಿಯುವ ಜಾಗ ಬದಲಾಗಿತ್ತು. ಅವಸರದಲ್ಲಿ ಹಾಕಿದ ಕಾಂಕ್ರೀಟು ಗಟ್ಟಿಯಾಗಿರಲಿಲ್ಲ.

ಈ ಕೊನೆಯ ಪ್ರಸಂಗವನ್ನು ಸ್ವಲ್ಪ ಯೋಚಿಸಿ ನೋಡಿ. ಯಂತ್ರ ಸರಿಯಿತ್ತು, ಪೈಲಟರೂ ನುರಿತವರೇ. ಕೊರತೆಯಾದದ್ದು "ಸ್ವಾಮಿ, ಇದು ಇನ್ನೂ ಒಣಗಿಲ್ಲ, ಇಲ್ಲಿ ಇಳಿಸುವುದು ಬೇಡ" ಎಂಬ ಒಂದು ಮಾತು ಮಾತ್ರ. ಪರೀಕ್ಷಕರ ಕೆಲಸವೆಂದರೆ ಹೆಚ್ಚುಕಡಿಮೆ ಆ ಒಂದು ಮಾತೇ. ಅದನ್ನು ಸರಿಯಾದ ಹೊತ್ತಿಗೆ, ಎದುರಿಗಿರುವವರು ಎಷ್ಟೇ ದೊಡ್ಡವರಾಗಿದ್ದರೂ, ಹೇಳಲು ಬೇಕಾದ ತಿಳಿವಳಿಕೆ ಮತ್ತು ಧೈರ್ಯ ಇವೆರಡೇ ಈ ಹುದ್ದೆಯ ನಿಜವಾದ ಅರ್ಹತೆ. ಪದವಿ, ಪರವಾನಗಿಗಳೆಲ್ಲ ಅಲ್ಲಿಗೆ ಹೋಗುವ ಮೆಟ್ಟಿಲುಗಳು.

ಯಾರು ಯಾರನ್ನು ಪರೀಕ್ಷಿಸುತ್ತಾರೆ?

ಬಾಡಿಗೆಗೆ, ತೀರ್ಥಯಾತ್ರೆಗೆ, ಆಂಬುಲೆನ್ಸಿಗೆ ಬಳಸುವ ನಾಗರಿಕ ಹೆಲಿಕಾಪ್ಟರುಗಳೆಲ್ಲ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿ.ಜಿ.ಸಿ.ಎ.ಯ ಅಧೀನ. ಇದರ ಮುಖ್ಯ ಕಛೇರಿ ದೆಹಲಿಯಲ್ಲಿ. 1934ರ ಹಳೆಯ ವಿಮಾನ ಕಾಯಿದೆ ಹೋಗಿ, ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಜಾರಿಗೆ ಬಂದಿದೆ; ಪರೀಕ್ಷಕರ ಅಧಿಕಾರ ಬರುವುದು ಈ ಕಾನೂನಿನಿಂದ. ನೌಕಾದಳ, ವಾಯುಪಡೆ, ಕರಾವಳಿ ಕಾವಲು ಪಡೆಗಳ ಹೆಲಿಕಾಪ್ಟರುಗಳಿಗೆ ರಕ್ಷಣಾ ಇಲಾಖೆಯದೇ ಬೇರೆ ವ್ಯವಸ್ಥೆ ಇದೆ. ಅದರಲ್ಲಿ ಸೇನಾ ವಿಮಾನಗಳಿಗೆ ಅರ್ಹತೆಯ ಮುದ್ರೆ ಒತ್ತುವ ಸೆಮಿಲಾಕ್ ಸಂಸ್ಥೆ ಇರುವುದು ನಮ್ಮ ಬೆಂಗಳೂರಿನಲ್ಲಿ.

ಡಿ.ಜಿ.ಸಿ.ಎ.ಯಲ್ಲಿ ಮುಖ್ಯವಾಗಿ ಎರಡು ಬಗೆಯ ಪರೀಕ್ಷಕರು. ಯಂತ್ರವನ್ನು ನೋಡುವವರು ಏರ್‌ವರ್ದಿನೆಸ್ ಅಧಿಕಾರಿಗಳು. ಹೆಲಿಕಾಪ್ಟರಿನ ಅನೇಕ ಭಾಗಗಳಿಗೆ ಇಷ್ಟೇ ಗಂಟೆಯ ಆಯುಷ್ಯವೆಂದು ನಿಗದಿಯಾಗಿರುತ್ತದೆ. ಕಣ್ಣಿಗೆ ಹೊಸದರಂತೆ ಕಂಡರೂ ಗಂಟೆ ಮುಗಿದ ಮೇಲೆ ತೆಗೆದುಹಾಕಲೇಬೇಕು. ಹಾಗೆ ತೆಗೆದಿದ್ದಾರೆಯೆ, ದಾಖಲೆ ಪುಸ್ತಕದಲ್ಲಿ ಬರೆದದ್ದೂ ಯಂತ್ರದಲ್ಲಿ ಇರುವುದೂ ಒಂದೆಯೆ ಎಂದು ಇವರು ನೋಡುತ್ತಾರೆ. ಹಾರಿಸುವವರನ್ನು ನೋಡುವವರು ಫ್ಲೈಟ್ ಆಪರೇಷನ್ಸ್ ಇನ್‌ಸ್ಪೆಕ್ಟರುಗಳು. ಪೈಲಟರ ಜೊತೆಯಲ್ಲೇ ಕುಳಿತು ಅವರ ಕೈಚಳಕ, ವಿಶ್ರಾಂತಿಯ ಲೆಕ್ಕ, ಮಂಜು ಮಳೆಯಲ್ಲಿ ಅವರು ತೆಗೆದುಕೊಳ್ಳುವ ತೀರ್ಮಾನ ಎಲ್ಲವನ್ನೂ ಅಳೆಯುತ್ತಾರೆ.

ಮೂರು ಬಾಗಿಲುಗಳು

ಮೊದಲನೆಯದು ಇಂಜಿನಿಯರಿಂಗ್ ಪದವಿ. ಏರೋನಾಟಿಕಲ್, ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಮುಂತಾದ ವಿಷಯಗಳಲ್ಲಿ ಪದವಿ, ಅದರ ಮೇಲೆ ವಿಮಾನ ಕ್ಷೇತ್ರದಲ್ಲಿ ಕೆಲವು ವರ್ಷಗಳ ಅನುಭವ. ಏರ್‌ವರ್ದಿನೆಸ್ ಅಧಿಕಾರಿಗಳ ಆಯ್ಕೆ ಕೇಂದ್ರ ಲೋಕಸೇವಾ ಆಯೋಗದ ಮೂಲಕ ನಡೆಯುತ್ತದೆ. ತಿರುವನಂತಪುರದ ಮಕ್ಕಳಿಗೆ ವಲಿಯಮಲೆಯ ಬಾಹ್ಯಾಕಾಶ ವಿಜ್ಞಾನ ಸಂಸ್ಥೆಯಲ್ಲಿ ಏರೋಸ್ಪೇಸ್ ಇಂಜಿನಿಯರಿಂಗ್ ಹತ್ತಿರದಲ್ಲೇ ಇದೆ. ಪ್ರವೇಶ ಕಷ್ಟ, ಆದರೆ ಪ್ರಯತ್ನಕ್ಕೆ ಯೋಗ್ಯ.

ಎರಡನೆಯದು ವಿಮಾನ ನಿರ್ವಹಣಾ ಇಂಜಿನಿಯರ್ ಪರವಾನಗಿ, ಅಂದರೆ ಎ.ಎಂ.ಇ. ಪ್ಲಸ್ ಟುವಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದವರು ಇದಕ್ಕೆ ಸೇರಬಹುದು. ಪರವಾನಗಿಯಲ್ಲಿ ಹಲವು ವರ್ಗಗಳಿವೆ. ಟರ್ಬೈನ್ ಹೆಲಿಕಾಪ್ಟರಿಗೆ ಬೇಕಾದದ್ದು ಬಿ 1.3. ಬಿ 1.1 ವರ್ಗ ವಿಮಾನಗಳಿಗೆ, ಬಿ 2 ವಿದ್ಯುನ್ಮಾನ ಉಪಕರಣಗಳಿಗೆ. ಹೆಚ್ಚಿನ ಹುಡುಗರು ದೊಡ್ಡ ವಿಮಾನದ ಆಸೆಗೆ ಬಿ 1.1 ಹಿಡಿಯುತ್ತಾರೆ. ಹೆಲಿಕಾಪ್ಟರೇ ನಿಮ್ಮ ಗುರಿಯಾದರೆ ಸೇರುವ ಮೊದಲೇ ವರ್ಗ ಯಾವುದೆಂದು ಕೇಳಿ ತಿಳಿಯಿರಿ.

ಮೂರನೆಯದು ಪೈಲಟರ ಬಾಗಿಲು. ಫ್ಲೈಟ್ ಆಪರೇಷನ್ಸ್ ಇನ್‌ಸ್ಪೆಕ್ಟರ್ ಆಗಲು ಹೆಲಿಕಾಪ್ಟರಿನ ವೃತ್ತಿಪರ ಪೈಲಟ್ ಪರವಾನಗಿ ಮತ್ತು ವರ್ಷಾನುಗಟ್ಟಲೆ ಹಾರಾಟದ ಅನುಭವ ಬೇಕು. ಈ ಹುದ್ದೆಗಳನ್ನು ಡಿ.ಜಿ.ಸಿ.ಎ. ಬಹುಮಟ್ಟಿಗೆ ಗುತ್ತಿಗೆಯ ಮೇಲೆ ತುಂಬುತ್ತದೆ. ಸಂಬಳ ತಿಂಗಳಿಗೆ ಲಕ್ಷಗಳಲ್ಲಿ ಇದ್ದರೂ ಪಿಂಚಣಿಯ ಖಾಯಂ ನೌಕರಿಯಲ್ಲ. ಸ್ವಂತ ಖರ್ಚಿನಲ್ಲಿ ಹೆಲಿಕಾಪ್ಟರ್ ಕಲಿಯುವುದು ವಿಮಾನ ಕಲಿಯುವುದಕ್ಕಿಂತ ದುಬಾರಿ. ಆದ್ದರಿಂದಲೇ ನಮ್ಮ ದೇಶದಲ್ಲಿ ಈ ಪೈಲಟರಲ್ಲಿ ಬಹಳ ಮಂದಿ ಸೇನೆಯಿಂದ ಬಂದವರು. ಎನ್.ಡಿ.ಎ. ಪರೀಕ್ಷೆ ಬರೆದು ಹೋಗುವ ಆ ದಾರಿಯಲ್ಲಿ ತಂದೆತಾಯಿಗೆ ತರಬೇತಿಯ ಖರ್ಚಿಲ್ಲ. 2022ರಿಂದ ಹೆಣ್ಣುಮಕ್ಕಳಿಗೂ ಅಲ್ಲಿ ಪ್ರವೇಶವಿದೆ. 2020ರಲ್ಲಿ ಯುದ್ಧನೌಕೆಯ ಹೆಲಿಕಾಪ್ಟರುಗಳಿಗೆ ಮೊದಲ ಸಲ ಆಯ್ಕೆಯಾದ ಇಬ್ಬರು ಮಹಿಳಾ ಅಧಿಕಾರಿಗಳು ತರಬೇತಿ ಮುಗಿಸಿದ್ದು ನಮ್ಮ ಕೊಚ್ಚಿಯ ಗರುಡ ನೆಲೆಯಲ್ಲೇ. ನಮ್ಮ ಸಂಘದ ಹುಡುಗಿಯರು ಇದನ್ನು ಗಮನಿಸಬೇಕು.

ಮೂರು ಬಾಗಿಲಿಗೂ ಒಂದು ಸಮಾನ ಸಂಗತಿ ಉಂಟು: ಕಾಲೇಜಿನಿಂದ ನೇರವಾಗಿ ಯಾರೂ ಪರೀಕ್ಷಕರಾಗುವುದಿಲ್ಲ. ಮೊದಲು ಹ್ಯಾಂಗರಿನಲ್ಲಿ ಕೈಗೆ ಗ್ರೀಸು ಹತ್ತಬೇಕು, ಇಲ್ಲವೇ ಆಕಾಶದಲ್ಲಿ ಗಂಟೆಗಳು ಕೂಡಬೇಕು. ಇಂಜಿನಿಯರುಗಳಿಗೆ ಇಪ್ಪತ್ತೈದು ಮೂವತ್ತರ ವಯಸ್ಸಿನಲ್ಲಿ ತೆರೆಯುವ ಬಾಗಿಲು ಪೈಲಟರಿಗೆ ಇನ್ನೂ ತಡವಾಗಿ ತೆರೆಯಬಹುದು. ಅವಸರವುಳ್ಳವರಿಗೆ ಇದು ಹೇಳಿಸಿದ ಕೆಲಸವಲ್ಲ.

ಎಚ್ಚರಿಕೆಯ ಎರಡು ಮಾತು

"ನೂರಕ್ಕೆ ನೂರು ಕೆಲಸ ಗ್ಯಾರಂಟಿ" ಎಂದು ಬಣ್ಣದ ಕರಪತ್ರ ಹಂಚುವ ತರಬೇತಿ ಶಾಲೆಗಳು ಎಲ್ಲ ಊರುಗಳಲ್ಲೂ ಇವೆ. ಶಾಲೆಗೆ ಡಿ.ಜಿ.ಸಿ.ಎ. ಮಾನ್ಯತೆ ಇದೆಯೆ, ಇದ್ದರೆ ಯಾವ ವರ್ಗಕ್ಕೆ, ಯಾವ ದಿನದವರೆಗೆ ಎಂಬುದನ್ನು ಡಿ.ಜಿ.ಸಿ.ಎ. ಪ್ರಕಟಿಸುವ ಪಟ್ಟಿಯಲ್ಲೇ ನೋಡಿ, ಆಮೇಲೆ ಹಣ ಕಟ್ಟಿ. ಅಡ್ಡದಾರಿಯ ಯೋಚನೆಯಂತೂ ಬೇಡವೇ ಬೇಡ. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಪೈಲಟ್ ಪರವಾನಗಿ ಪಡೆದವರು ಸಿಕ್ಕಿಬಿದ್ದು ಜೈಲು ಕಂಡರು. ಇನ್ನೊಬ್ಬರ ಕಾಗದ ಪತ್ರ ಪರೀಕ್ಷಿಸಬೇಕಾದವರ ಸ್ವಂತ ಕಾಗದ ಹಾಲಿನಂತೆ ಶುಭ್ರವಾಗಿರಬೇಕು.

ಎರಡನೆಯದು ಒತ್ತಡದ ವಿಷಯ. 2025ರ ಜೂನ್ 15ರಂದು ಕೇದಾರನಾಥದಿಂದ ಹೊರಟ ಹೆಲಿಕಾಪ್ಟರ್ ಗೌರಿಕುಂಡದ ಬಳಿ ಬಿದ್ದು ಏಳು ಜನ ತೀರಿಕೊಂಡರು. ಅದಕ್ಕೆ ಐದಾರು ವಾರ ಹಿಂದೆ ಗಂಗೋತ್ರಿಯ ದಾರಿಯಲ್ಲಿ ಆರು ಮಂದಿ ಸತ್ತಿದ್ದರು. ಯಾತ್ರೆಯ ಕಾಲವೆಂದರೆ ಕಂಪನಿಗಳಿಗೆ ಸುಗ್ಗಿ; ಸರತಿಯಲ್ಲಿ ನಿಂತ ಭಕ್ತರಿಗೂ ಅವಸರ. ಅಂಥ ಕಡೆ "ಇವತ್ತು ಹಾರುವುದು ಬೇಡ" ಎಂದವರನ್ನು ಯಾರೂ ಹೊಗಳುವುದಿಲ್ಲ. ಅವರು ತಪ್ಪಿಸಿದ ಅಪಘಾತ ಯಾವ ಪತ್ರಿಕೆಯಲ್ಲೂ ಅಚ್ಚಾಗುವುದಿಲ್ಲ. ಚಪ್ಪಾಳೆ ಬೇಕೆನ್ನುವವರಿಗೆ ಈ ಕೆಲಸ ಒಗ್ಗದು.

ನಮ್ಮವರಿಗೆ ಒಂದು ಅನುಕೂಲ

ಈ ದೇಶದ ಹೆಲಿಕಾಪ್ಟರಿನ ತವರು ಕರ್ನಾಟಕ. ಚೇತಕ್, ಧ್ರುವ ಎರಡೂ ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ತಯಾರಾದವು. ಧ್ರುವ ಮೊದಲು ಹಾರಿದ್ದು 1992ರ ಆಗಸ್ಟ್ 20ರಂದು. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರವರಿಯಲ್ಲಿ ದೊಡ್ಡ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಅನುಭವ ಗಳಿಸಲು ನೀವು ಅಲ್ಲಿಗೆ ಹೋದಿರೆನ್ನಿ: ಕೆಲಸಗಾರರು ಯಂತ್ರದ ಗುಟ್ಟನ್ನು ಹೇಳುವುದು ಕೈಪಿಡಿಯ ಇಂಗ್ಲಿಷಿನಲ್ಲಲ್ಲ, ಚಹದ ಹೊತ್ತಿನ ಕನ್ನಡದಲ್ಲಿ. ಮನೆಯಲ್ಲಿ ಅಜ್ಜಿಯ ಜೊತೆ ಆಡುವ ಆ ಭಾಷೆ, ಶಾಲೆಯಲ್ಲಿ ಕಲಿತ ಮಲಯಾಳ, ಹಿಂದಿ, ಇಂಗ್ಲಿಷ್ ಎಲ್ಲವೂ ಪರೀಕ್ಷಕರಾದವರಿಗೆ ಉಪಕರಣಗಳೇ. ಹೆದರಿಕೆಯಿಂದ ಬಾಯಿ ಬಿಡದ ಹುಡುಗನೊಬ್ಬ ತನ್ನ ಭಾಷೆಯಲ್ಲಿ ಕೇಳಿದರೆ ನಿಜ ಹೇಳಿಯಾನು.

ಈ ವರ್ಷವೇ ಮಾಡಬಹುದಾದದ್ದು ಇಷ್ಟು. ಗಣಿತ, ಭೌತಶಾಸ್ತ್ರ ಬಿಡಬೇಡಿ. ಕಾಮರ್ಸ್ ಅಥವಾ ಆರ್ಟ್ಸ್ ತೆಗೆದುಕೊಂಡವರು ಈ ಎರಡು ವಿಷಯಗಳನ್ನು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಬರೆಯಬಹುದು. ಕಣ್ಣು, ಕಿವಿಗಳ ಪರೀಕ್ಷೆ ಮಾಡಿಸಿಕೊಳ್ಳಿ. ಪೈಲಟ್ ದಾರಿಗೆ ವೈದ್ಯಕೀಯ ಅರ್ಹತೆ ಮೊದಲನೆಯ ಜರಡಿ. ಹುದ್ದೆಯ ಪ್ರಕಟಣೆ ಬಂದಾಗ ವಯೋಮಿತಿ, ಅನುಭವದ ಗಂಟೆಗಳು ಸಲಸಲಕ್ಕೂ ಬದಲಾಗುವುದುಂಟು, ಆದ್ದರಿಂದ ಮೂಲ ಪ್ರಕಟಣೆಯನ್ನೇ ಓದಿ. ಮತ್ತು ನೋಡಿದ್ದನ್ನು ನೋಡಿದ ಹಾಗೆಯೇ ಬರೆದಿಡುವ ಅಭ್ಯಾಸವನ್ನು ಈಗಿನಿಂದಲೇ ಮಾಡಿ, ಪ್ರಯೋಗಶಾಲೆಯ ರೆಕಾರ್ಡ್ ಪುಸ್ತಕದಿಂದಲೇ ಅದು ಶುರುವಾಗಲಿ. ಬರಬೇಕಾದ ಉತ್ತರಕ್ಕೆ ಅಂಕಿ ಹೊಂದಿಸುವ ಚಾಳಿ ಅಲ್ಲೇ ಹುಟ್ಟುವುದು, ಅಲ್ಲೇ ಬಿಡಬೇಕಾದದ್ದು.

ತಂದೆತಾಯಿಗಳಲ್ಲಿ ಒಂದು ವಿನಂತಿ: ಮಗನೋ ಮಗಳೋ ಈ ದಾರಿ ಬೇಕೆಂದರೆ "ಅದರಲ್ಲಿ ಏನಿದೆ" ಎಂದು ಮೂಗು ಮುರಿಯಬೇಡಿ. ಅಂದು ಆ ಹೃದಯ ಕೊಚ್ಚಿಗೆ ಸುರಕ್ಷಿತವಾಗಿ ತಲುಪಿದ್ದರ ಹಿಂದೆ ಪೈಲಟರ ಕೈ ಇದ್ದಂತೆ, ನಾವು ಹೆಸರು ಕೇಳದ ಯಾರೋ ಹಾಕಿದ ಸಹಿಗಳೂ ಇದ್ದವು. ಅಂಥ ಸಹಿ ಹಾಕುವವರಲ್ಲಿ ನಮ್ಮವರೂ ಇರಲಿ.