ಮಾತು ಕಡಿಮೆ, ಕೆಲಸ ಜಾಸ್ತಿ

ಚೀನಾದ ಲೀ ಝಿಚಿ ಪೇಟೆಯಲ್ಲಿ ದುಡಿಯುತ್ತಿದ್ದವಳು. ಅಜ್ಜಿಗೆ ಕಾಯಿಲೆಯಾಯಿತೆಂದು 2012ರಲ್ಲಿ ಸಿಚುವಾನ್ ಪ್ರಾಂತ್ಯದ ತನ್ನ ಹಳ್ಳಿಗೆ ಮರಳಿದಳು. ಮುಂದೆ ಅಲ್ಲಿನ ಹಳೇ ಅಡುಗೆ, ಕೈಕೆಲಸಗಳನ್ನು ವೀಡಿಯೊ ಮಾಡಿ ಲೋಕಕ್ಕೆ ತೋರಿಸಿದಳು. 2021ರಲ್ಲಿ ಯೂಟ್ಯೂಬಿನಲ್ಲಿ 1 ಕೋಟಿ 41 ಲಕ್ಷ ಚಂದಾದಾರರಾಗಿ ಗಿನ್ನೆಸ್ ದಾಖಲೆಯಾಯಿತು. (ತಮಾಷೆಯೆಂದರೆ, ಚೀನಾದಲ್ಲಿ ಯೂಟ್ಯೂಬಿಗೇ ತಡೆ!)

ಅವಳ ವೀಡಿಯೊಗಳಲ್ಲಿ ಮಾತು ಬಹಳ ಕಡಿಮೆ. ಒಂದರಲ್ಲಿ ರೇಷ್ಮೆಹುಳು ಸಾಕಿ, ಗೂಡಿನಿಂದ ಹೊದಿಕೆ ಮಾಡುತ್ತಾಳೆ. ರೇಷ್ಮೆ ಹುಟ್ಟಿದ್ದೇ ಚೀನಾದಲ್ಲಿ ಅಲ್ಲವೇ? ಹಿಪ್ಪುನೇರಳೆ ಸೊಪ್ಪು, ಹುಳು, ಗೂಡು ಕಂಡರೆ ಸಾಕು, ನಮ್ಮ ಕಡೆ ಹುಳು ಸಾಕುವವರಿಗೆ ಚೀನೀ ಭಾಷೆ ಯಾಕೆ ಬೇಕು? ಹೀಗೆ ಮಾತಿಲ್ಲದೆ ಕೆಲಸ ತೋರಿಸಿದ್ದಕ್ಕೇ ಅದು ಹೊರದೇಶದವರಿಗೂ ತಲುಪಿತು ಅಂತ ನನ್ನ ಅನಿಸಿಕೆ.

‘ಅದೆಲ್ಲ ಬರೀ ಶೋಕಿ, ಹಳ್ಳಿ ಅಷ್ಟು ಚೆಂದ ಎಲ್ಲಿರುತ್ತೆ?’ ಅನ್ನೋರಿದ್ದಾರೆ. ಅರ್ಧ ಒಪ್ತೀನಿ. ಚೀನಾದ ಎಷ್ಟೋ ಹಳ್ಳಿಗಳಲ್ಲಿ ಹರೆಯದವರು ಪೇಟೆ ಸೇರಿ, ಮುದುಕರು ಮಕ್ಕಳು ಮಾತ್ರ ಉಳಿದಿದ್ದಾರೆ. ನಾಲ್ಕನೇ ಜ್ವರ ಎದ್ದ ಹುಳುವಿಗೆ ರಾತ್ರಿಯೂ ಸೊಪ್ಪು ಹಾಕಿದವರಿಗೆ ಗೊತ್ತು ಆ ನಿದ್ದೆಗೇಡು, ಹುಳುಮನೆಯ ವಾಸನೆ. ವಾಸನೆ ಬಿಡಿ, ವೀಡಿಯೊದಲ್ಲಿ ಬರಲ್ಲ. ದಣಿವನ್ನಾದರೂ ಇನ್ನಷ್ಟು ತೋರಿಸಿದ್ದರೆ, ಆ ಒಂದು ಹೊದಿಕೆಗೆ ಎಷ್ಟು ರಾತ್ರಿ ಹಿಡೀತದೆ ಅಂತ ದೂರದವರಿಗೂ ತಿಳೀತಿತ್ತು.